ಎಲೆಅಡಿಕೆ ಸಂಚಿಯೊಳಗಿನ ಹೊಗೆಸೊಪ್ಪು

ಬಿಂಡಿಗನವಿಲೆ ಎಂದೊಡನೆ ನಮ್ಮ ಸೀಮೆಯವರಿಗೆ ನೆನಪಾಗುವುದು ಗರುಡ. ನಾಗಮಂಗಲ ತಾಲ್ಲೂಕಿನ ಈ ಹೋಬಳಿ ಊರಿನ ಚೆನ್ನಕೇಶವ ದೇವಾಲಯದಲ್ಲಿ ಸ್ವಾಮಿಯಷ್ಟೇ, ಕೆಲವರ ಬಾಯಲ್ಲಿ ಸ್ವಾಮಿಗಿಂತಲೂ ಒಂದು ಕೈ ಮೇಲಾಗಿ, ಅವನ ವಾಹನಕ್ಕೆ ಪ್ರಖ್ಯಾತಿ. ಉತ್ಸವದ ದಿನ ಸುತ್ತಣ ಹಳ್ಳಿಗಳವರು ಬಂದು ಸೇರುತ್ತಾರೆ. ದೇವರ ದರ್ಶನವಾಗಿ, ಊಟ ಮುಗಿದು, ಮರದ ನೆರಳಿನಲ್ಲಿ ನಾಲ್ಕು ಮಂದಿ ವಯಸ್ಸಾದ ಹೆಂಗಸರು ಕುಳಿತರೆಂದರೆ ಮುಂದೆ ನಡೆಯುವುದು ಏನೆಂದು ನಿಮಗೆ ಹೇಳಬೇಕಾಗಿಲ್ಲ. ಸೊಂಟದಿಂದ ಎಲೆಅಡಿಕೆ ಸಂಚಿ ಹೊರಗೆ ಬರುತ್ತದೆ. ಎಲೆಯ ತೊಟ್ಟು ಮುರಿಯುತ್ತದೆ. ಬೆನ್ನಿನ ನಾರು ಬಿಡಿಸಿಕೊಳ್ಳುತ್ತದೆ. ಸುಣ್ಣದ ಡಬ್ಬಿಯ ಮುಚ್ಚಳ ತೆರೆಯುತ್ತದೆ. ಬಟ್ಟಲಡಿಕೆಯ ಚೂರು ಬಾಯಿಗೆ ಬೀಳುತ್ತದೆ. ಕಟ್ಟಕಡೆಗೆ ಸಂಚಿಯ ಒಳಮಡಿಕೆಯಿಂದ ಒಂದು ಚಿಟಿಕೆ ಹೊಗೆಸೊಪ್ಪೋ ಕಡ್ಡಿಪುಡಿಯೋ ಹೊರಬಂದು, ಎಡಗೈ ಅಂಗಳದಲ್ಲಿ ಹೆಬ್ಬೆರಳಿನಿಂದ ತಿಕ್ಕಿಸಿಕೊಂಡು, ಕೆನ್ನೆಗೂ ಒಸಡಿಗೂ ನಡುವಣ ಸಂದಿಯಲ್ಲಿ ಹೋಗಿ ಕೂರುತ್ತದೆ. ಆಮೇಲೆ ಮಾತು ಸರಾಗ.

ಈ ಸಂಚಿಯಲ್ಲಿರುವ ವಸ್ತುಗಳೆಲ್ಲ ಒಂದೇ ಮನೆತನದವು ಎಂದು ನಾವು ನಂಬಿದ್ದೇವೆ. ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ಎಂದು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಚರಿತ್ರೆ ಬೇರೆ ಮಾತು ಹೇಳುತ್ತದೆ. ಇವುಗಳಲ್ಲಿ ಒಂದು ನಮ್ಮ ನಾಡಿಗೆ ಬಂದು 400 ವರ್ಷಗಳಿಗಿಂತ ಸ್ವಲ್ಪವೇ ಹೆಚ್ಚಾಗಿದೆ. ಅದು ಹಳೆಯ ನೆಂಟರ ನಡುವೆ ನುಸುಳಿ ಕುಳಿತು, ಅವರ ಮರ್ಯಾದೆಯನ್ನೆಲ್ಲ ತಾನೂ ಪಡೆದುಕೊಂಡಿತು. ಬಾಯಿಯ ಕ್ಯಾನ್ಸರಿನ ಕಥೆಯನ್ನು ಅರಿಯಬೇಕಾದರೆ ಮೊದಲು ಈ ನುಸುಳುವಿಕೆಯನ್ನು ತಿಳಿಯಬೇಕು.

ತಾಂಬೂಲದ ಪ್ರಾಚೀನತೆಯಲ್ಲಿ ಸಂದೇಹವಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸನ ಭೋಗಗಳನ್ನು ವರ್ಣಿಸುವಾಗ ತಾಂಬೂಲಕ್ಕೂ ಒಂದು ಸ್ಥಾನ ಕೊಟ್ಟಿದ್ದಾನೆ. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನಿಗೆ ಆಸ್ಥಾನದಲ್ಲಿ ವೀಳ್ಯವೂ ಕರ್ಪೂರವೂ ಸಂದವು. ಆ ಎಲೆಯ ಗುಣವನ್ನು ಆತ ಬಹಳವಾಗಿ ಹೊಗಳಿ ಬರೆದ. ಯುದ್ಧಕ್ಕೆ ಹೊರಟವನಿಗೆ ರಣವೀಳ್ಯ, ಮದುವೆ ಗೊತ್ತಾದರೆ ಎಲೆಅಡಿಕೆ ಬದಲಾವಣೆ, ಮನೆಗೆ ಬಂದ ಮುತ್ತೈದೆಗೆ ಕುಂಕುಮದೊಡನೆ ತಾಂಬೂಲ: ನಮ್ಮ ಬಾಳಿನಲ್ಲಿ ಎಲೆಅಡಿಕೆ ಇಲ್ಲದೆ ಯಾವ ಮಾತು ಗಟ್ಟಿಯಾದೀತು? ಆದರೆ ಸೋಮೇಶ್ವರನ ತಾಂಬೂಲದಲ್ಲಾಗಲಿ ದೇವರಾಯನ ವೀಳ್ಯದಲ್ಲಾಗಲಿ ಹೊಗೆಸೊಪ್ಪಿರಲಿಲ್ಲ. ಇರುವುದು ಸಾಧ್ಯವೂ ಇರಲಿಲ್ಲ. ಆ ಗಿಡದ ತವರು ಅಮೆರಿಕಾ ಖಂಡ. ಪೋರ್ಚುಗೀಸರು ಹಡಗಿನಲ್ಲಿ ತಂದಿಳಿಸುವ ತನಕ ಈ ದೇಶದವರು ಅದರ ಎಲೆಯನ್ನು ಕಂಡವರಲ್ಲ.

ಇಲ್ಲಿ ಕನ್ನಡನಾಡಿಗೆ ಸಂಬಂಧಿಸಿದ ಒಂದು ಸ್ವಾರಸ್ಯವುಂಟು. ಮೊಗಲರ ಆಸ್ಥಾನಕ್ಕೆ ಹೊಗೆಸೊಪ್ಪು ಹೋದದ್ದು ನಮ್ಮ ಬಿಜಾಪುರದಿಂದ. ಅಕ್ಬರ್ ಬಾದಶಹನು ಅಸದ್ ಬೇಗ್ ಎಂಬವನನ್ನು ಬಿಜಾಪುರಕ್ಕೆ ಕಳುಹಿಸಿದ್ದ. ಆತ ಸುಮಾರು 1604ರಲ್ಲಿ ಹಿಂದಿರುಗುವಾಗ, ಉತ್ತರದೇಶದಲ್ಲಿ ತಾನು ಕಾಣದಿದ್ದ ಈ ವಸ್ತುವನ್ನೂ, ಅದನ್ನು ಸೇದುವುದಕ್ಕೆ ರತ್ನ ಕೆತ್ತಿದ ನಳಿಗೆಯನ್ನೂ ಕಾಣಿಕೆಯಾಗಿ ಒಯ್ದ. ಬಾದಶಹನು ಕುತೂಹಲದಿಂದ ಒಂದೆರಡು ದಮ್ಮು ಎಳೆದನಂತೆ. ಹತ್ತಿರವಿದ್ದ ಹಕೀಮನು ಅಡ್ಡಬಂದ. ಇದು ಪರೀಕ್ಷೆಯಾಗದ ವಸ್ತು, ನಮ್ಮ ಗ್ರಂಥಗಳಲ್ಲಿ ಇದರ ಗುಣದೋಷ ಹೇಳಿಲ್ಲ, ಅರಿಯದ್ದನ್ನು ಪ್ರಭುಗಳು ಸೇವಿಸಬಾರದು ಎಂಬುದು ಅವನ ವಾದ. ಅಸದ್ ಬೇಗನು ಬಿಡಲಿಲ್ಲ. ಪ್ರತಿಯೊಂದು ವಸ್ತುವೂ ಮೊದಲು ಹೊಸದಾಗಿಯೇ ಇತ್ತಲ್ಲವೇ ಎಂದು ಚರ್ಚಿಸಿದ. ಬಾದಶಹನು ಆ ಚಟ ಹತ್ತಿಸಿಕೊಳ್ಳಲಿಲ್ಲ. ಆಸ್ಥಾನದ ಸರದಾರರು ಹತ್ತಿಸಿಕೊಂಡರು. 1617ರಲ್ಲಿ ಜಹಾಂಗೀರನು ನಿಷೇಧವನ್ನೇ ಹೊರಡಿಸಿದರೂ ಅದು ನಿಲ್ಲಲಿಲ್ಲ. ಆ ಹಕೀಮನ ಮಾತು ಇಂದಿಗೂ ಎಷ್ಟು ನ್ಯಾಯವಾಗಿ ಕಾಣುತ್ತದೆ! ಪರೀಕ್ಷೆ ಮಾಡದ ವಸ್ತುವನ್ನು ಜನ ಬಾಯಿಗೆ ಹಾಕಿಕೊಂಡರು; ಪರೀಕ್ಷೆಯ ಫಲ ಹೊರಬೀಳುವುದಕ್ಕೆ 300 ವರ್ಷ ಹಿಡಿಯಿತು.

ಸೇದುವ ಹೊಗೆ ಕಣ್ಣಿಗೆ ಕಾಣುತ್ತದೆ, ಮೂಗಿಗೆ ಬಡಿಯುತ್ತದೆ. ಅಗಿಯುವ ಸೊಪ್ಪು ಹಾಗಲ್ಲ. ಅದು ತಾಂಬೂಲದ ಸೆರಗಿನಲ್ಲಿ ಅಡಗಿತು. ಬೀಡಿ ಸೇದುವ ಹೆಂಗಸನ್ನು ಊರು ಆಡಿಕೊಂಡೀತು. ಕಡ್ಡಿಪುಡಿ ಹಾಕುವ ಅಜ್ಜಿಯನ್ನು ಯಾರೂ ಏನೂ ಅನ್ನರು. ಅವಳು ಹಾಕುತ್ತಿರುವುದು ಎಲೆಅಡಿಕೆ ತಾನೆ! ಗದ್ದೆಯಲ್ಲಿ ನಾಟಿ ಹಾಕುವಾಗ, ಹೊಲದಲ್ಲಿ ಕಳೆ ಕೀಳುವಾಗ ಹೊಟ್ಟೆಯ ಹಸಿವನ್ನೂ ಮೈಯ ದಣಿವನ್ನೂ ಅದು ತುಸುಹೊತ್ತು ಮರೆಸುತ್ತದೆ. ಹಲ್ಲುನೋವು ಬಂದರೆ ಆ ಜಾಗಕ್ಕೇ ಒಂದು ಚೂರು ಸೊಪ್ಪು ಒತ್ತಿಕೊಳ್ಳುವುದು ಹಳ್ಳಿಯ ಮದ್ದು. ಕೆಲವರು ರಾತ್ರಿ ಮಲಗುವಾಗಲೂ ಆ ಉಂಡೆಯನ್ನು ದವಡೆಯಲ್ಲಿಟ್ಟುಕೊಂಡೇ ನಿದ್ರೆ ಹೋಗುತ್ತಾರೆ. ಹೀಗೆ 20 ವರ್ಷ, 30 ವರ್ಷ.

ಇದರ ಪರಿಣಾಮವನ್ನು ಮೊದಲು ಗುರುತಿಸಿದವರು ದಕ್ಷಿಣ ಭಾರತದ ಆಸ್ಪತ್ರೆಗಳ ವೈದ್ಯರೆಂಬುದನ್ನು ನಾವು ಮರೆಯಬಾರದು. 1902ರಲ್ಲಿ ಮದರಾಸಿನ ನಿಬ್ಲಾಕ್ ಎಂಬ ವೈದ್ಯರು, ಇಲ್ಲಿ ಬಾಯಿಯ ಕ್ಯಾನ್ಸರು ಇಷ್ಟು ಹೆಚ್ಚಾಗಿರುವುದಕ್ಕೂ ಎಲೆಅಡಿಕೆ ಅಗಿಯುವ ಅಭ್ಯಾಸಕ್ಕೂ ಸಂಬಂಧವಿದೆಯೆಂದು ಬರೆದರು. 1908ರಲ್ಲಿ ತಿರುವಾಂಕೂರು ಸೀಮೆಯ ಮಿಷನ್ ವೈದ್ಯರಾದ ಫೆಲ್ಸ್ ಮತ್ತು ಬೆಂಟಾಲ್ ತಮ್ಮ ರೋಗಿಗಳ ವಿವರಗಳನ್ನು ಇಂಗ್ಲೆಂಡಿನ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. ಬೆಂಟಾಲರ ವರದಿಯೊಂದರಲ್ಲೇ 1,700 ಕ್ಯಾನ್ಸರ್ ರೋಗಿಗಳ ಲೆಕ್ಕವಿತ್ತು. ಆಗ ತಿರುವಾಂಕೂರಿಗೆ ಸೇರಿದ್ದು ಈಗ ತಮಿಳುನಾಡಿನಲ್ಲಿರುವ ನೆಯ್ಯೂರಿನ ಆಸ್ಪತ್ರೆಯಿಂದ ಓರ್ ಎಂಬವರು 1933ರಲ್ಲಿ ಇನ್ನೂ ಮುಂದೆ ಹೋದರು. ರೋಗಿ ಎಲೆಅಡಿಕೆಯ ಉಂಡೆಯನ್ನು ಎಲ್ಲಿ ಇಟ್ಟುಕೊಳ್ಳುತ್ತಾನೋ ಹುಣ್ಣು ಹುಟ್ಟುವುದು ಅಲ್ಲಿಯೇ ಎಂಬುದನ್ನೂ, ಅದರಲ್ಲಿ ಸೇರಿದ ಹೊಗೆಸೊಪ್ಪಿನ ಪಾತ್ರವನ್ನೂ ಅವರು ಎತ್ತಿ ತೋರಿಸಿದರು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ 1941ರಲ್ಲಿ ಬಾಗಿಲು ತೆರೆಯಿತು. ಮೂರೇ ವರ್ಷಗಳಲ್ಲಿ, ಅಂದರೆ 1944ರಲ್ಲಿ, ಡಾ. ವಿ. ಆರ್. ಖಾನೋಲ್ಕರರು ಬಾಯಿ ಕ್ಯಾನ್ಸರಿನ 1,000 ರೋಗಿಗಳ ಸಮೀಕ್ಷೆಯನ್ನು ಪ್ರಕಟಿಸಿದರು. ಪಶ್ಚಿಮ ದೇಶಗಳಲ್ಲಿ ತುಟಿಗೂ ನಾಲಗೆಗೂ ಬರುವ ರೋಗ ನಮ್ಮಲ್ಲಿ ಕೆನ್ನೆಯ ಒಳಮೈಗೂ ಕೆಳ ಒಸಡಿನ ಸಂದಿಗೂ ಬರುವುದೇಕೆ ಎಂಬ ಪ್ರಶ್ನೆಗೆ ಉತ್ತರ ನಮ್ಮ ಸಂಚಿಯಲ್ಲೇ ಇತ್ತು.

ಮೈಸೂರು ಸೀಮೆಯ ರೋಗಿಗಳ ಗತಿ ಆ ಕಾಲದಲ್ಲಿ ಏನಾಗಿತ್ತು? ಕ್ಯಾನ್ಸರಿಗೆಂದೇ ಮೀಸಲಾದ ಆಸ್ಪತ್ರೆ ಬೇಕಾದರೆ ಮುಂಬಯಿಗೆ ಹೋಗಬೇಕಾಗಿತ್ತು, ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ಪ್ರಯತ್ನದಿಂದ 1954ರಲ್ಲಿ ಅಡಯಾರಿನ ಕ್ಯಾನ್ಸರ್ ಸಂಸ್ಥೆ ಆರಂಭವಾದ ಮೇಲೆ ಮದರಾಸಿಗೂ ಹೋಗಬಹುದಾಯಿತು. ನಾಗಮಂಗಲದ ಕಡೆಯ ಒಬ್ಬ ಬಡ ರೈತನ ಹೆಂಡತಿಗೆ ಮುಂಬಯಿಯೂ ಒಂದೇ ಮದರಾಸೂ ಒಂದೇ, ಕಾಶಿಯೂ ಒಂದೇ. ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ ಸ್ಥಾಪನೆಯಾದದ್ದು 1973ರಲ್ಲಿ, ಡಾ. ಎಂ. ಕೃಷ್ಣ ಭಾರ್ಗವ ಅದರ ಮೊದಲ ನಿರ್ದೇಶಕರು. ‘ಗ್ರಂಥಿ’ ಎಂಬ ಪದವನ್ನು ಅಲ್ಲಿ ಹೆಸರಿಗೆ ಆರಿಸಿಕೊಂಡವರು ಜಾಣರೇ ಇರಬೇಕು. ಕ್ಯಾನ್ಸರ್ ಎಂಬ ಮಾತು ಕೇಳಿದೊಡನೆ ಅರ್ಧ ಪ್ರಾಣ ಹೋಗುವ ಜನಕ್ಕೆ ಅದೊಂದು ದಾಕ್ಷಿಣ್ಯ.

ಆದರೆ ಅದಕ್ಕೂ ಮೊದಲೇ ಈ ರೋಗದ ಬೆನ್ನು ಹತ್ತಿದವರು ಬೆಂಗಳೂರಿನಲ್ಲಿ ಇದ್ದರು. ಅವರು ಹಲ್ಲಿನ ವೈದ್ಯರು. ಮಣಿಪಾಲದಲ್ಲಿ 1953ರಲ್ಲಿ, ಬೆಂಗಳೂರಿನಲ್ಲಿ 1958ರಲ್ಲಿ ದಂತವೈದ್ಯ ಕಾಲೇಜುಗಳು ಹುಟ್ಟಿದ್ದವು. ಡೆನ್ಮಾರ್ಕಿನ ಪ್ರಸಿದ್ಧ ದಂತವಿಜ್ಞಾನಿ ಪಿಂಡ್‌ಬೋರ್ಗ್ 1960ರ ದಶಕದಲ್ಲಿ ಭಾರತದ ಹಲವು ನಗರಗಳಲ್ಲಿ ಜನರ ಬಾಯಿಯನ್ನು ಪರೀಕ್ಷಿಸುವ ದೊಡ್ಡ ಕಾರ್ಯವನ್ನು ಕೈಗೊಂಡಾಗ ಬೆಂಗಳೂರೂ ಅದರಲ್ಲಿ ಸೇರಿತ್ತು. ಇಲ್ಲಿನ ಸಹೋದ್ಯೋಗಿಗಳೊಡನೆ ಅವರು 10,000 ಮಂದಿಯ ಬಾಯನ್ನು ನೋಡಿ, ಅದರ ವರದಿಯನ್ನು 1966ರಲ್ಲಿ ಪ್ರಕಟಿಸಿದರು. ಅವರು ಹುಡುಕುತ್ತಿದ್ದುದು ಬಿಳಿಯ ಮಚ್ಚೆಗಳನ್ನು. ಕೆನ್ನೆಯ ಒಳಗೆ, ಒಸಡಿನ ಮೇಲೆ, ಸುಣ್ಣ ಬಳಿದಂತೆ ಕಾಣುವ, ಬಟ್ಟೆಯಿಂದ ಒರೆಸಿದರೂ ಹೋಗದ ಬಿಳಿ ಪೊರೆಗೆ ವೈದ್ಯರು ಲ್ಯೂಕೋಪ್ಲೇಕಿಯಾ ಎನ್ನುತ್ತಾರೆ. ಅದು ಕ್ಯಾನ್ಸರಲ್ಲ. ಬಹುಪಾಲು ಮಂದಿಯಲ್ಲಿ ಅದು ಕ್ಯಾನ್ಸರಾಗಿ ಮಾರ್ಪಡುವುದೂ ಇಲ್ಲ. ಕೆಲವರಲ್ಲಿ ಆಗುತ್ತದೆ, ಯಾರಲ್ಲಿ ಎಂದು ಮೊದಲೇ ಹೇಳಬರುವುದಿಲ್ಲ. ಮಚ್ಚೆ ಕೆಂಪಾಗಿದ್ದರೆ ಅಥವಾ ಬಿಳಿಯ ನಡುವೆ ಕೆಂಪು ಬೆರೆತಿದ್ದರೆ ಅಪಾಯ ಹೆಚ್ಚು.

ಇನ್ನೊಂದು ಮುನ್ಸೂಚನೆಯೂ ಆ ಹೊತ್ತಿಗೆ ಗೊತ್ತಾಗಿತ್ತು. 1952ರಲ್ಲಿ ಶ್ವಾರ್ಟ್ಸ್ ಎಂಬವರು ಪೂರ್ವ ಆಫ್ರಿಕದಲ್ಲಿ ನೆಲೆಸಿದ್ದ ಐವರು ಭಾರತೀಯ ಮಹಿಳೆಯರಲ್ಲಿ ಬಾಯಿಯ ಒಳಮೈ ಬಿಗಿದುಕೊಳ್ಳುವ ಒಂದು ವಿಚಿತ್ರ ವ್ಯಾಧಿಯನ್ನು ಕಂಡರು. ಮರುವರ್ಷ ಮುಂಬಯಿಯ ಡಾ. ಎಸ್. ಜಿ. ಜೋಶಿ ಅದನ್ನೇ ವಿವರಿಸಿ ‘ಸಬ್‌ಮ್ಯೂಕಸ್ ಫೈಬ್ರೋಸಿಸ್’ ಎಂಬ ಹೆಸರಿಗೆ ದಾರಿ ಮಾಡಿದರು. ಮೊದಲು ಖಾರ ತಿಂದರೆ ಉರಿ; ಬಳಿಕ ಕೆನ್ನೆಯ ಒಳಗೆ ನಾರಿನಂಥ ಬಿಗಿತ; ಕೊನೆಗೆ ಎರಡು ಬೆರಳು ತೂರುವಷ್ಟೂ ಬಾಯಿ ತೆರೆಯದು. ಇದಕ್ಕೆ ಕಾರಣ ಹೊಗೆಸೊಪ್ಪಲ್ಲ, ಅಡಿಕೆ. ಈ ಮಾತನ್ನು ಮಲೆನಾಡಿನವರು ಕೇಳಿದರೆ ಬೇಸರಗೊಂಡಾರು. ಅದಕ್ಕೆ ಮುಂದೆ ಬರುತ್ತೇನೆ.

ಕರ್ನಾಟಕದ ಮಟ್ಟಿಗೆ ಅತ್ಯಂತ ಮುಖ್ಯವಾದ ಅಧ್ಯಾಯ ಆರಂಭವಾಗುವುದು 1982ರಲ್ಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಯೋಜನೆಯಂತೆ ಬೆಂಗಳೂರಿನ ನಿವಾಸಿಗಳಲ್ಲಿ ಹೊಸದಾಗಿ ಕ್ಯಾನ್ಸರು ಕಂಡುಬಂದ ಪ್ರತಿಯೊಬ್ಬರ ವಿವರವನ್ನೂ ಬರೆದಿಡುವ ದಾಖಲೆ ಕಾರ್ಯ ಕಿದ್ವಾಯಿ ಸಂಸ್ಥೆಯಲ್ಲಿ ಶುರುವಾಯಿತು. ಹುಟ್ಟು ಸಾವಿನ ಪುಸ್ತಕವಿದ್ದಂತೆ ಇದೂ ಒಂದು ಪುಸ್ತಕ. ನೀರಸವಾದ ಕೆಲಸವೆಂದು ತೋರೀತು. ಆದರೆ ಆ ನೀರಸ ಪುಟಗಳಿಂದ ಒಂದು ಆಶ್ಚರ್ಯ ಹೊರಬಿತ್ತು. ದೇಶದ ಬೇರೆಡೆಗಳಲ್ಲಿ ಬಾಯಿಯ ಕ್ಯಾನ್ಸರು ಹೆಚ್ಚಾಗಿ ಗಂಡಸರ ರೋಗ. ಬೆಂಗಳೂರಿನ ದಾಖಲೆಯಲ್ಲಿ ಗಂಡಸರಿಗಿಂತ ಹೆಂಗಸರಲ್ಲಿ ಅದು ಹೆಚ್ಚಾಗಿ ಕಂಡಿತು! ಗಂಡಸರು ಬೀಡಿ ಸಿಗರೇಟಿನ ಕಡೆ ಹೋದರು. ಹೆಂಗಸರು ಸಂಚಿಯನ್ನು ಬಿಡಲಿಲ್ಲ.

ಡಾ. ಎ. ನಂದಕುಮಾರ್ ಮತ್ತು ಅವರ ಸಂಗಡಿಗರು ಈ ದಾಖಲೆಯಿಂದಲೇ ಬಾಯಿ ಕ್ಯಾನ್ಸರಿನ 348 ರೋಗಿಗಳನ್ನು ತೆಗೆದುಕೊಂಡು, ಅದೇ ಬಡಾವಣೆಯ, ಅದೇ ವಯಸ್ಸಿನ, ರೋಗವಿಲ್ಲದ ಜನರೊಡನೆ ಹೋಲಿಸಿದರು. ಫಲಿತಾಂಶ 1990ರಲ್ಲಿ ಅಚ್ಚಾಯಿತು. ಹೊಗೆಸೊಪ್ಪು ಬೆರೆಸಿ ಎಲೆಅಡಿಕೆ ಹಾಕುವ ಹೆಂಗಸರಿಗೆ, ಹಾಕದ ಹೆಂಗಸರಿಗಿಂತ ಸುಮಾರು 25 ಪಟ್ಟು ಹೆಚ್ಚಿನ ಅಪಾಯ. ಎಷ್ಟು ವರ್ಷ ಹಾಕಿದರು, ದಿನಕ್ಕೆ ಎಷ್ಟು ಬಾರಿ ಹಾಕಿದರು, ಎಷ್ಟು ಹೊತ್ತು ಬಾಯಲ್ಲಿಟ್ಟರು ಎಂಬುದು ಏರಿದಂತೆಲ್ಲ ಅಪಾಯವೂ ಮೆಟ್ಟಿಲು ಮೆಟ್ಟಿಲಾಗಿ ಏರುತ್ತ ಹೋಗಿತ್ತು. ಚರಿತ್ರೆಯಲ್ಲಿ ಹೀಗೆ ಖಚಿತವಾಗಿ ಬೆರಳು ತೋರಿಸುವ ಸಾಕ್ಷಿ ದೊರೆಯುವುದು ಅಪರೂಪ. ಬೆಂಗಳೂರಿನ ಈ ಹೆಂಗಸರಂತೆಯೇ ಸಂಚಿ ಇಟ್ಟುಕೊಂಡವರು ಹಳೆಯ ಮೈಸೂರಿನ ಹಳ್ಳಿ ಹಳ್ಳಿಯಲ್ಲೂ ಉಂಟು. ಪಾಂಡವಪುರದಲ್ಲೂ ಕೃಷ್ಣರಾಜಪೇಟೆಯಲ್ಲೂ ನಾಗಮಂಗಲದಲ್ಲೂ ಆ ಸಂಚಿಯೊಳಗಿನ ವಸ್ತು ಬೇರೆಯದಲ್ಲ.

ಅದೇ ಅಧ್ಯಯನದಲ್ಲಿ ನಮ್ಮ ಕಡೆಯವರ ಕಿವಿ ನಿಮಿರುವಂತಹ ಇನ್ನೊಂದು ವಿಷಯವಿತ್ತು: ರಾಗಿ ಉಣ್ಣುವವರಲ್ಲಿ ಈ ರೋಗ ಹೆಚ್ಚಾಗಿ ಕಂಡಿತು, ರಾಗಿ ಉಂಡು ಹೊಗೆಸೊಪ್ಪನ್ನೂ ಹಾಕುವವರಲ್ಲಿ ಇನ್ನೂ ಹೆಚ್ಚು. ಇದನ್ನು ಕೇಳಿ ಮುದ್ದೆಯನ್ನು ದೂರ ತಳ್ಳಬೇಡಿ. ರಾಗಿಯನ್ನೇ ನಂಬಿದವರು ಬಡವರು. ಅವರ ತಟ್ಟೆಯಲ್ಲಿ ಹಣ್ಣುಕಾಯಿ ಕಡಮೆ. ಹಣ್ಣುಕಾಯಿ ಕಡಮೆಯಾದವರ ಬಾಯಿ ಈ ರೋಗಕ್ಕೆ ಬೇಗ ಸೋಲುತ್ತದೆಂಬುದು ಬೇರೆ ಕಡೆಗಳಲ್ಲಿಯೂ ಕಂಡ ಮಾತು. ಒಂದು ಅಧ್ಯಯನದ ಒಂದು ಸಾಲಿನಿಂದ ರಾಗಿಗೆ ಶಿಕ್ಷೆ ವಿಧಿಸಲಾಗದು. ಹೊಗೆಸೊಪ್ಪಿನ ಮೇಲಿರುವ ಸಾಕ್ಷ್ಯವಾದರೋ ನೂರು ಕಡೆಯಿಂದ ಬಂದದ್ದು.

ಈಗ ಅಡಿಕೆಯ ಮಾತು. 1985ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು, ಹೊಗೆಸೊಪ್ಪು ಸೇರಿದ ಎಲೆಅಡಿಕೆ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆಂದು ತೀರ್ಮಾನಿಸಿತು. ಬರಿಯ ಎಲೆಅಡಿಕೆಯ ವಿಷಯದಲ್ಲಿ ಆಗ ಸಾಕಷ್ಟು ಆಧಾರವಿರಲಿಲ್ಲ. 2004ರಲ್ಲಿ ಹೊರಬಂದ ಅದೇ ವಿಭಾಗದ ಗ್ರಂಥವು ಅಡಿಕೆಯನ್ನೂ ಆ ಪಟ್ಟಿಗೆ ಸೇರಿಸಿತು. ಅಡಿಕೆ ಬೆಳೆಯುವುದರಲ್ಲಿ ದೇಶಕ್ಕೇ ಮೊದಲಾದ ಕರ್ನಾಟಕಕ್ಕೆ ಇದು ನುಂಗಲಾರದ ತುತ್ತು. ತೋಟದವರ ಕಷ್ಟವನ್ನು ಬಲ್ಲವರಾರೂ ಇದನ್ನು ಹಗುರವಾಗಿ ಹೇಳಲಾರರು. ಆದರೆ ಬೆಳೆಗಾರನ ಮೇಲಿನ ಪ್ರೀತಿಗಾಗಿ ಅಗಿಯುವವನಿಂದ ವಿಷಯವನ್ನು ಮರೆಮಾಚುವುದೂ ಸಲ್ಲದು. ಹಬ್ಬಕ್ಕೊಮ್ಮೆ ತಟ್ಟೆಯಲ್ಲಿ ತಾಂಬೂಲ ಕೊಟ್ಟು ತೆಗೆದುಕೊಳ್ಳುವ ಆಚಾರ ಬೇರೆ, ಹಗಲಿರುಳು ದವಡೆಯಲ್ಲಿ ಉಂಡೆ ಇಟ್ಟುಕೊಳ್ಳುವ ಚಟ ಬೇರೆ; ಎರಡಕ್ಕೂ ಒಂದೇ ಮರ್ಯಾದೆ ಕೊಟ್ಟದ್ದರಿಂದಲೇ ಇಷ್ಟೆಲ್ಲ ಆಯಿತು. ಸುಣ್ಣವೂ ನಿರಪರಾಧಿಯಲ್ಲ. ಅದರ ಕ್ಷಾರವು ಅಡಿಕೆಯ ಮತ್ತು ಸೊಪ್ಪಿನ ಸತ್ತ್ವವನ್ನು ಬೇಗ ಬಿಡಿಸಿ ಒಳಮೈಗೆ ಇಳಿಸುತ್ತದೆ. ಮದ್ಯಪಾನವೂ ಜೊತೆಗೂಡಿದರೆ ಅಪಾಯ ಕೂಡುವುದಿಲ್ಲ, ಗುಣಿಸಿಕೊಳ್ಳುತ್ತದೆ. ಬೀಡಿ ಸಿಗರೇಟುಗಳ ವಿಷಯ ಹೇಳಲೇಬೇಕಾಗಿಲ್ಲ.

ಸಂಚಿಯ ಕಥೆ ಮುಗಿಯಿತೆನ್ನುವಷ್ಟರಲ್ಲಿ ಚೀಟಿಯ ಕಥೆ ಬಂತು. ಹೊಳೆಯುವ ಪುಟ್ಟ ಪೊಟ್ಟಣದಲ್ಲಿ ಗುಟ್ಕಾ ಬಂದು ಗೂಡಂಗಡಿಗಳ ಮುಂದೆ ಮಾಲೆಯಾಗಿ ತೂಗಿತು. ಅಜ್ಜಿ ಎಲೆ ಒರೆಸಿ, ನಾರು ತೆಗೆದು, ಸುಣ್ಣ ಹಚ್ಚುವಷ್ಟರಲ್ಲಿ ಮೊಮ್ಮಗ ಹಲ್ಲಿನಿಂದ ಪೊಟ್ಟಣ ಹರಿದು ಬಾಯಿಗೆ ಸುರಿದುಕೊಂಡಾಗಿರುತ್ತದೆ. ಅಜ್ಜಿಗೆ 60ರಲ್ಲಿ ಬಂದದ್ದು ಮೊಮ್ಮಗನಿಗೆ 30ರಲ್ಲಿ ಬರತೊಡಗಿತು. ಕರ್ನಾಟಕ ಸರ್ಕಾರವು 2013ರ ಮೇ ತಿಂಗಳ ಕೊನೆಯಲ್ಲಿ ಗುಟ್ಕಾವನ್ನು ನಿಷೇಧಿಸಿತು. ಮಾರುವವರು ಪಾನ್ ಮಸಾಲೆಯನ್ನು ಒಂದು ಪೊಟ್ಟಣದಲ್ಲೂ ಹೊಗೆಸೊಪ್ಪನ್ನು ಇನ್ನೊಂದರಲ್ಲೂ ಕೊಟ್ಟು, ಬೆರೆಸಿಕೊಳ್ಳುವ ಶ್ರಮವನ್ನು ಕೊಳ್ಳುವವನಿಗೆ ಬಿಟ್ಟರು. ಜಹಾಂಗೀರನ ಆಜ್ಞೆಯ ಗತಿ ನೆನಪಾಗುವುದಿಲ್ಲವೆ? ಆದರೂ ಪ್ರಯತ್ನ ಪೂರ್ತಿ ವ್ಯರ್ಥವಾಗಿಲ್ಲ. ಕೇಂದ್ರ ಸರ್ಕಾರದ ಸಮೀಕ್ಷೆಗಳಂತೆ 2009-10ರಲ್ಲಿ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ 28.2 ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. 2016-17ರ ವೇಳೆಗೆ ಅದು 22.8ಕ್ಕೆ ಇಳಿದಿತ್ತು.

ಇಷ್ಟೆಲ್ಲ ತಿಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಹೊಟ್ಟೆಯ ಕ್ಯಾನ್ಸರನ್ನು ಕಾಣಲು ಒಳಗೆ ಕೊಳವೆ ಇಳಿಸಬೇಕು. ಶ್ವಾಸಕೋಶದ್ದಕ್ಕೆ ಚಿತ್ರ ತೆಗೆಯಬೇಕು. ಬಾಯಿಯದಾದರೋ ಬಾಯಿ ತೆರೆದರೆ ಕಾಣುತ್ತದೆ. ಹೀಗಿದ್ದೂ ನಮ್ಮ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಸ್ಪತ್ರೆಯ ಮೆಟ್ಟಿಲು ಹತ್ತುವುದು ರೋಗ ಬಲಿತ ಮೇಲೆ. ಏಕೆ? ಅದು ಮೊದಲಲ್ಲಿ ನೋಯುವುದಿಲ್ಲ. ನಮಗಾದರೋ ನೋವೇ ರೋಗ, ನೋಯದಿದ್ದರೆ ರೋಗವಿಲ್ಲ. ಹಲ್ಲಿನ ವೈದ್ಯರ ಬಳಿಗೆ ನಾವು ಹೋಗುವುದು ರಾತ್ರಿಯೆಲ್ಲ ನಿದ್ರೆಗೆಟ್ಟು ದವಡೆ ಹಿಡಿದುಕೊಂಡಾಗ ಮಾತ್ರ. ಹಲ್ಲು ಅಲುಗಾಡಿದರೆ ಕೀಳಿಸಿಕೊಂಡು ಬರುತ್ತೇವೆ. ಅದು ಅಲುಗಿದ್ದೇಕೆ ಎಂದು ಕೇಳುವುದಿಲ್ಲ. ಒಸಡಿನಲ್ಲಿ ಹುಟ್ಟಿದ ಗಂಟು ಕೆಳಗಿನ ಎಲುಬನ್ನು ತಿಂದಾಗಲೂ ಹಲ್ಲು ಅಲುಗುತ್ತದೆ. ಕೀಳಿಸಿದ ಜಾಗದ ಗಾಯ ವಾರಗಟ್ಟಲೆ ಮಾಯದಿದ್ದರೆ ‘ಉಷ್ಣ’ ಎಂದುಕೊಳ್ಳುತ್ತೇವೆ. ಬಾಯಿಹುಣ್ಣೆಲ್ಲ ನಮ್ಮಲ್ಲಿ ಉಷ್ಣವೇ ತಾನೆ!

ಬಾಯಿಯನ್ನು ಸುಮ್ಮನೆ ಕಣ್ಣಿಂದ ನೋಡುವುದರಿಂದ ಜೀವ ಉಳಿಯುತ್ತದೆಯೇ ಎಂಬುದನ್ನು ಕೇರಳದಲ್ಲಿ ಪರೀಕ್ಷಿಸಿ ನೋಡಿದ್ದಾರೆ. ತಿರುವನಂತಪುರ ಜಿಲ್ಲೆಯ 13 ಪಂಚಾಯಿತಿಗಳಲ್ಲಿ, 35 ವರ್ಷ ದಾಟಿದ ಸುಮಾರು 1,90,000 ಜನರನ್ನು ಒಳಗೊಂಡ ಈ ಪ್ರಯೋಗ 1996ರಲ್ಲಿ ಮೊದಲಾಯಿತು. ಕೆಲವು ಪಂಚಾಯಿತಿಗಳಲ್ಲಿ ತರಬೇತಿ ಪಡೆದ ಕಾರ್ಯಕರ್ತರು ಮನೆ ಮನೆಗೆ ಹೋಗಿ, ಬೆಳಕು ಬಿಟ್ಟು, ಬಾಯಿ ನೋಡಿ, ಸಂಶಯವಿದ್ದವರನ್ನು ವೈದ್ಯರ ಬಳಿಗೆ ಕಳುಹಿಸಿದರು. ಉಳಿದವುಗಳಲ್ಲಿ ಎಂದಿನಂತೆ ಬಿಟ್ಟರು. 2005ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, ಹೊಗೆಸೊಪ್ಪು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಮೂರರಲ್ಲಿ ಒಂದು ಪಾಲು ತಗ್ಗಿತ್ತು. ಯಂತ್ರವಿಲ್ಲ, ಔಷಧಿಯಿಲ್ಲ, ಒಂದು ದೀಪ, ಎರಡು ಕಣ್ಣು, ಒಂದು ಬೆರಳು. 2016ರಲ್ಲಿ ಕೇಂದ್ರ ಸರ್ಕಾರವು 30 ವರ್ಷ ಮೀರಿದವರೆಲ್ಲರ ಬಾಯಿಯನ್ನು ಪ್ರಾಥಮಿಕ ಆರೋಗ್ಯ ವ್ಯವಸ್ಥೆಯಲ್ಲೇ ನೋಡಬೇಕೆಂದು ಮಾರ್ಗಸೂಚಿ ಮಾಡಿದ್ದಕ್ಕೆ ಇಂತಹ ಅನುಭವವೇ ಆಧಾರ.

ದಂತವೈದ್ಯರು ಏನು ನೋಡುತ್ತಾರೆಂಬುದನ್ನು ಅರಿತಿದ್ದರೆ ನೀವು ಕೇಳಿ ಮಾಡಿಸಿಕೊಳ್ಳಬಹುದು. ತುಟಿಯನ್ನು ಹೊರಳಿಸಿ ಒಳಮೈ ನೋಡುತ್ತಾರೆ. ಕೆನ್ನೆಯನ್ನು ಎಳೆದು ಹಿಂದಿನ ದವಡೆಯ ತನಕ ದೃಷ್ಟಿ ಹಾಯಿಸುತ್ತಾರೆ. ಎಲೆಅಡಿಕೆಯ ಉಂಡೆ ಯಾವ ಕಡೆ ಇಡುತ್ತೀರೆಂದು ಕೇಳಿ ಅಲ್ಲಿ ಎರಡು ಸಲ ನೋಡುತ್ತಾರೆ. ನಾಲಗೆಯ ತುದಿಯನ್ನು ಬಟ್ಟೆಯಲ್ಲಿ ಹಿಡಿದು ಅದರ ಎರಡು ಅಂಚುಗಳನ್ನೂ, ನಾಲಗೆ ಎತ್ತಿಸಿ ಅದರ ಕೆಳಗಿನ ನೆಲವನ್ನೂ, ಅಂಗಳವನ್ನೂ ನೋಡುತ್ತಾರೆ. ಗದ್ದದ ಕೆಳಗೂ ಕತ್ತಿನ ಪಕ್ಕದಲ್ಲೂ ಬೆರಳಾಡಿಸಿ ಗಂಟು ಹುಡುಕುತ್ತಾರೆ. ಎಲ್ಲ ಸೇರಿ ನಾಲ್ಕೈದು ನಿಮಿಷದ ಕೆಲಸ. ಸಂಶಯ ಬಂದರೆ ಒಂದು ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳುಹಿಸುತ್ತಾರೆ. ಕತ್ತಿ ತಾಗಿದರೆ ರೋಗ ಹರಡುತ್ತದೆಂಬ ಹೆದರಿಕೆ ಹಳ್ಳಿಯಲ್ಲೂ ಉಂಟು, ಪಟ್ಟಣದಲ್ಲೂ ಉಂಟು. ಅದರಿಂದ ಪರೀಕ್ಷೆ ಬಿಟ್ಟು ಓಡಿಹೋಗಿ, ಆರು ತಿಂಗಳ ಮೇಲೆ ಬಂದವರಿಂದಲೇ ಆ ಹೆದರಿಕೆಗೆ ಸಾಕ್ಷಿ ದೊರೆತಂತಾಗಿದೆ. ಚೂರು ತೆಗೆಯುವುದರಿಂದ ರೋಗ ಹರಡುವುದಿಲ್ಲ, ತಡಮಾಡುವುದರಿಂದ ಹರಡುತ್ತದೆ.

ಮನೆಯಲ್ಲಿ ಕನ್ನಡಿಯ ಮುಂದೆ, ಬಿಸಿಲು ಬೀಳುವ ಬಾಗಿಲ ಬಳಿ ನಿಂತು ತಿಂಗಳಿಗೊಮ್ಮೆ ನೀವೂ ನೋಡಿಕೊಳ್ಳಬಹುದು. ಎರಡು ವಾರ ಕಳೆದರೂ ಮಾಯದ ಹುಣ್ಣು, ಒರೆಸಿದರೆ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಕೈಗೆ ಗಡಸಾಗಿ ಸಿಕ್ಕುವ ಊತ, ಕಾರಣವಿಲ್ಲದೆ ಒಸರುವ ರಕ್ತ, ದಿನೇ ದಿನೇ ಕಿರಿದಾಗುತ್ತಿರುವ ಬಾಯಿ, ಸರಿಯಾಗಿ ಕೂರುತ್ತಿದ್ದ ಹಲ್ಲುಕಟ್ಟು ಇದ್ದಕ್ಕಿದ್ದಂತೆ ಒತ್ತುವುದು: ಇವುಗಳಲ್ಲಿ ಯಾವುದಿದ್ದರೂ ಇನ್ನೊಂದು ವಾರ ನೋಡೋಣವೆನ್ನದೆ ತೋರಿಸಬೇಕು. ಹೊಗೆಸೊಪ್ಪು ಬಿಟ್ಟವರಲ್ಲಿ ಬಿಳಿಮಚ್ಚೆ ತಾನಾಗಿಯೇ ಅಳಿದುಹೋಗುವುದೂ ಉಂಟು; 30 ವರ್ಷ ಹಾಕಿದ್ದಾಯಿತು, ಇನ್ನು ಬಿಟ್ಟರೇನು ಎಂಬ ಮಾತಿಗೆ ಅರ್ಥವಿಲ್ಲ. ಮೊದಲ ಹಂತದಲ್ಲಿ ಸಿಕ್ಕ ಗಡ್ಡೆಯನ್ನು ಕತ್ತರಿಸಿ ತೆಗೆದರೆ ಬಹುಪಾಲು ಮಂದಿ ಗುಣವಾಗುತ್ತಾರೆ, ಮಾತೂ ಊಟವೂ ಉಳಿಯುತ್ತವೆ. ಬಲಿತ ಮೇಲಾದರೋ ದವಡೆಯ ಎಲುಬನ್ನೇ ತೆಗೆಯಬೇಕಾದೀತು.

ಬಿಂಡಿಗನವಿಲೆಯವರಿಗೆ ಇಂದು ಮುಂಬಯಿಯ ದಾರಿ ಹಿಡಿಯುವ ಕಾರಣವಿಲ್ಲ. ತಮ್ಮ ತಾಲ್ಲೂಕಿನಲ್ಲಿಯೇ, ಬೆಳ್ಳೂರಿನ ಬಳಿಯ ಬಿ. ಜಿ. ನಗರದಲ್ಲಿ, 1986ರಲ್ಲಿ ಆರಂಭವಾದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಜಿಲ್ಲಾ ಕೇಂದ್ರವಾದ ಮಂಡ್ಯದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಅದಕ್ಕೂ ಮೀರಿದ್ದಕ್ಕೆ ಬೆಂಗಳೂರಿನ ಕಿದ್ವಾಯಿ. ದೂರ ಉಳಿದಿರುವುದು ಒಬ್ಬರಿಗೆ ಮಾತ್ರ. ಹಲ್ಲೆಲ್ಲ ಉದುರಿದ ಅಜ್ಜಿಗೆ. ಹಲ್ಲೇ ಇಲ್ಲದ ತನಗೆ ಹಲ್ಲಿನ ಡಾಕ್ಟರೇಕೆ ಎಂಬುದು ಅವಳ ಪ್ರಶ್ನೆ. ಕುಟ್ಟಾಣಿಯಲ್ಲಿ ಎಲೆಅಡಿಕೆ ಕುಟ್ಟಿ, ಸೊಪ್ಪು ಬೆರೆಸಿ ಬರಿಯ ಒಸಡಿನ ಮೇಲೆ ಇಟ್ಟುಕೊಳ್ಳುವ ಅವಳ ಬಾಯನ್ನೇ ಮೊದಲು ನೋಡಬೇಕಾದದ್ದು. ರಾಜ್ಯ ಸರ್ಕಾರವು 2014-15ರಲ್ಲಿ ಬಡ ವೃದ್ಧರಿಗೆ ಉಚಿತವಾಗಿ ಹಲ್ಲುಕಟ್ಟು ಕೊಡುವ ‘ದಂತಭಾಗ್ಯ’ ಯೋಜನೆಯನ್ನು ತಂದಾಗ, ಅದನ್ನು ಹೊಸ ಹಲ್ಲಿನ ಯೋಜನೆಯೆಂದೇ ಎಲ್ಲರೂ ತಿಳಿದರು. ಆದರೆ ಕಟ್ಟಿನ ಅಳತೆ ತೆಗೆಯಬೇಕಾದರೆ ವೈದ್ಯರು ಒಸಡಿನ ಉದ್ದಗಲಕ್ಕೂ ಬೆರಳಾಡಿಸಲೇಬೇಕು. ಕೆನ್ನೆಯನ್ನು ಬಿಡಿಸಿ ಆ ಸಂದಿಯೊಳಗೆ ಇಣುಕಲೇಬೇಕು.